ರೋಗಿಗಳ ಪ್ರತಿನಿಧಿ

ಜನವರಿ 9, ಗುರುವಾರ

ಇವತ್ತೂ ಮಾತ್ರೆ ಬಂದಿಲ್ಲ. ಔಷಧಿ ಕಿಟಕಿಯಲ್ಲಿ ಕೂತವನು ತಲೆ ಎತ್ತದೆಯೇ ಕೈ ಅಲ್ಲಾಡಿಸಿದ. "ಸ್ಟಾಕ್ ಇಲ್ಲ" ಎಂದು ಬಾಯಿಬಿಟ್ಟು ಹೇಳುವ ಶ್ರಮವನ್ನೂ ಈಗ ಬಿಟ್ಟಿದ್ದಾನೆ.

ಮಗಳಿಗೆ ರಕ್ತ ಹಾಕಿಸುವ ದಿನ. ಕೂಸಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ಇದೇ ಕೆಲಸ. ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲ, ಯಾರೋ ಕೊಟ್ಟ ರಕ್ತದಲ್ಲಿ ಬದುಕುತ್ತಾಳೆ. ಆದರೆ ರಕ್ತದ ಜೊತೆ ಕಬ್ಬಿಣವೂ ಒಳಗೆ ಹೋಗಿ ಎದೆಯಲ್ಲಿ, ಲಿವರಿನಲ್ಲಿ ಬೀಡುಬಿಡುತ್ತದೆ. ಅದನ್ನು ಹೊರಗೆ ತಳ್ಳುವುದಕ್ಕೆ ಈ ಮಾತ್ರೆ. ದಿನವೂ ನುಂಗಬೇಕು. ನುಂಗದಿದ್ದರೆ ಬದುಕಿಸುವ ರಕ್ತವೇ ಮೆಲ್ಲಗೆ ಕೊಲ್ಲುತ್ತದೆ ಎಂದು ಡಾಕ್ಟರು ಅವಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಹೇಳಿದ್ದರು. ಈಗ ಒಂಬತ್ತನೆಯದು. ಹೊರಗಿನ ಅಂಗಡಿಯಲ್ಲಿ ಅದರ ಬೆಲೆ ಕೇಳಿ ನನಗೆ ನಗು ಬಂದಿತ್ತು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳಿಗೆ ಅಂಥ ಬೆಲೆ ಹೇಳಬಾರದು.

ಮಾತ್ರೆ ಸರ್ಕಾರ ಕೊಡಬೇಕು. ಇಡೀ ವರ್ಷಕ್ಕೆ ದುಡ್ಡು ಮಂಜೂರಾಗಿದೆ ಎಂದು ಮಂತ್ರಿಗಳು ಟಿವಿಯಲ್ಲಿ ಹೇಳಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಪಕ್ಕದ ಹಾಸಿಗೆಯಲ್ಲಿ ಎಂದಿನಂತೆ, ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ನಮ್ಮ ಲಾಂಡ್ರಿ ಅಕ್ಕನ ಮಗಳು ಮೊಲ. ಮುಂದಿನ ಎರಡು ಹಲ್ಲಿಗೆ ವಾರ್ಡಿನವರು ಇಟ್ಟ ಹೆಸರು ಅದು, ಅವಳ ನಿಜವಾದ ಹೆಸರು ಈಗ ಸಿಸ್ಟರಿಗೂ ಮರೆತಿದೆ. ಇಬ್ಬರದೂ ಒಂದೇ ವಯಸ್ಸು, ಒಂದೇ ಗುಂಪಿನ ರಕ್ತ. ಇಡೀ ದಿನ ಗುಸುಗುಸು, ಕಿಸಿಕಿಸಿ. "ನಾವು ಒಂದೇ ಬಾಟಲಿ ಅಕ್ಕತಂಗೀರು" ಎನ್ನುತ್ತಾರೆ.

ಮಾತ್ರೆಯ ಸುದ್ದಿಯನ್ನು ಅತ್ತೆಗೆ ಹೇಳಲಿಲ್ಲ. ಹೇಳಿದರೆ ಊಟ ಬಿಡುತ್ತಾರೆ. ಮಗ ತೀರಿಕೊಂಡ ಮೇಲೆ ಅವರಿಗಿರುವುದು ನಾವಿಬ್ಬರೇ. ಅದಕ್ಕೇ ಇಲ್ಲಿ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಜನವರಿ 30, ಗುರುವಾರ

ಇವತ್ತು ಒಂದು ಕೆಲಸ ಮಾಡಿದೆವು. ಔಷಧಿ ಕಿಟಕಿಯವನು ಮತ್ತೆ ಕೈ ಅಲ್ಲಾಡಿಸಿದ ತಕ್ಷಣ ಲಾಂಡ್ರಿ ಅಕ್ಕ ಸೆರಗು ಬಿಗಿದು, "ನಡಿ, ಮೇಲೇ ಹೋಗೋಣ" ಎಂದಳು. ಮಕ್ಕಳಿಗೆ ರಕ್ತ ಹರಿಯುತ್ತಿರುವಾಗಲೇ ವಾರ್ಡಿನ ತಾಯಂದಿರೆಲ್ಲ ಸೂಪರಿಂಟೆಂಡೆಂಟ್ ಕೋಣೆಗೆ ನುಗ್ಗಿದೆವು. ಆ ಬೋಳುತಲೆಯವನು ಕಿತ್ತಳೆ ಸುಲಿಯುತ್ತಿದ್ದ.

"ಎಲ್ಲಾ ಒಟ್ಟಿಗೆ ಬಂದ್ರೆ ಹೇಗಮ್ಮಾ? ಒಬ್ಬೊಬ್ಬರಾಗಿ ಬನ್ನಿ."

"ಒಬ್ಬೊಬ್ಬರಾಗಿ ಬಂದು ಬಂದು ಚಪ್ಪಲಿ ಸವೆದಿದೆ ಸಾರ್" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಮಾತ್ರೆ ದುಡ್ಡು ಎಲ್ಲಿ ಹೋಯ್ತು ಅಂತ ಹೇಳಿ."

"ಸರ್ಕಾರದ ದುಡ್ಡು ಎಲ್ಲೂ ಹೋಗಲ್ಲಮ್ಮಾ. ಇರುತ್ತೆ."

"ಇದ್ರೆ ತೋರಿಸಿ. ನೋಡ್ಕೊಂಡು ಹೋಗ್ತೀವಿ."

ಹಿಂದೆ ನಿಂತಿದ್ದವರು ಗೊಳ್ಳೆಂದು ನಕ್ಕರು. ಅವನಿಗೆ ಕಿತ್ತಳೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬರೆದುಕೊಡಿ, ಮೇಲಕ್ಕೆ ಕಳಿಸುತ್ತೇನೆ ಎಂದ. ಅವನ ಹೆಸರಿನ ಹಲಗೆ ನೋಡಿ, ಇದಕ್ಕಿಂತ ಮೇಲೆ ಇನ್ನೆಷ್ಟು ಅಂತಸ್ತು ಇದೆಯೋ ಎಂದುಕೊಂಡೆ.

ಹೊರಗೆ ಬರುವಾಗ, ಆಸ್ಪತ್ರೆಯವರು ಆಫೀಸಿಗೆಂದು ಕಟ್ಟಿಸುತ್ತಿರುವ ಹೊಸ ಕಟ್ಟಡಕ್ಕೆ ಗಾಜು ಕೂರಿಸುತ್ತಿದ್ದರು. ಲಾಂಡ್ರಿ ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನಮ್ ಮಕ್ಕಳ ಮಾತ್ರೆನೇ ಕಣೆ ಅಲ್ಲಿ ಥಳಥಳ ಅಂತಿರೋದು" ಎಂದಳು. ಇಸ್ತ್ರಿಪೆಟ್ಟಿಗೆ ತಾಗಿ ತಾಗಿ ಅವಳ ಮುಂಗೈ ತುಂಬ ಸುಟ್ಟ ಗೆರೆಗಳು. ಆ ಕೈ ನನ್ನ ಭುಜದ ಮೇಲಿತ್ತು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಫೆಬ್ರವರಿ 20, ಗುರುವಾರ

ನಮ್ಮ ಗಲಾಟೆ ಫಲ ಕೊಟ್ಟಿದೆ. ಆಸ್ಪತ್ರೆಯ ಖರ್ಚುವೆಚ್ಚ ನೋಡಲು ಒಂದು ಸಮಿತಿ ಮಾಡಬೇಕು, ಅದರಲ್ಲಿ ರೋಗಿಗಳ ಕಡೆಯಿಂದ ಒಬ್ಬರು ಇರಬೇಕು ಎಂದು ಮೇಲಿನಿಂದ ಆದೇಶ ಬಂದಿದೆಯಂತೆ. ಸೂಪರಿಂಟೆಂಡೆಂಟ್ ತಾನೇ ವಾರ್ಡಿಗೆ ಬಂದು ಹೇಳಿದ.

"ಅಕ್ಕ, ನೀನೇ ಹೋಗು" ಎಂದೆ.

"ನಾನು ಹೋದ್ರೆ ಮೊದಲ ದಿನವೇ ಯಾರಿಗಾದ್ರೂ ಹೊಡೆದು ಬರ್ತೀನಿ. ನೀನು ಲಕ್ಷಣವಾಗಿ ಮಾತಾಡ್ತೀಯ. ಬಿಡಬೇಡ ಅವರನ್ನ. ಬಾಲ ಹಿಡಿದ ಮೇಲೆ ಜಗ್ಗು."

ಎಲ್ಲರೂ ಹೂಂ ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಸಮಿತಿ ಅಂದ್ರೆ ಏನಮ್ಮಾ?" ಎಂದರು. ಎಲ್ಲ ಒಟ್ಟಿಗೆ ಕೂತು ಮಾತಾಡುವುದು ಎಂದೆ. "ಅದನ್ನ ನಲ್ಲಿ ಹತ್ರ ನಾವು ದಿನಾ ಮಾಡ್ತೀವಲ್ಲ. ನೀರು ಬಂದಿದ್ದು ಮಾತ್ರ ನಾ ಕಾಣೆ."

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಮಾರ್ಚ್ 5, ಬುಧವಾರ

ಮೊದಲ ಸಭೆ. ಆ ಹೊಸ ಕಟ್ಟಡದಲ್ಲೇ. ಒಳಗೆ ಕಾಲಿಟ್ಟರೆ ಚಪ್ಪಲಿಯ ಸದ್ದು ಕೇಳಿಸದಂಥ ನೆಲಹಾಸು. ದೊಡ್ಡ ಮೇಜು, ಎಲ್ಲರ ಮುಂದೆ ಒಂದೊಂದು ಮೈಕು. ನನ್ನ ಮುಂದೆ "ರೋಗಿಗಳ ಪ್ರತಿನಿಧಿ" ಎಂದು ಬರೆದ ಹಲಗೆ.

ನಾನು ಕೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಮಾತ್ರೆಯ ದುಡ್ಡು ಎಲ್ಲಿ ಎಂದು ಕೇಳಿದೆ. ಸೂಪರಿಂಟೆಂಡೆಂಟ್ ಗಂಟಲು ಸರಿಮಾಡಿಕೊಂಡರು.

"ಹಣ ಮರುಹೊಂದಾಣಿಕೆ ಆಗಿದೆ."

"ಹಾಗಂದ್ರೆ?"

"ಒಂದು ಬಾಬ್ತಿನಿಂದ ಇನ್ನೊಂದು ಬಾಬ್ತಿಗೆ."

"ಇನ್ನೊಂದು ಅಂದ್ರೆ ಯಾವುದು ಸಾರ್?"

ಸೂಪರಿಂಟೆಂಡೆಂಟ್ ಫೈಲು ಮಗುಚಿದರು. ತಂಪು ಗಾಳಿಯ ಮಿಷನ್ನು ಗುಂಯ್‌ಗುಡುತ್ತಿತ್ತು. ನಾನು ಚಾವಣಿ ನೋಡಿದೆ, ಗಾಜು ನೋಡಿದೆ, ಕೂತಿದ್ದ ಕುರ್ಚಿಯ ಕೈ ಮುಟ್ಟಿ ನೋಡಿದೆ. ಉತ್ತರದ ಮೇಲೇ ಕೂತಿದ್ದೇನೆ ಎಂದು ಗೊತ್ತಾಯಿತು. ಎದ್ದು ನಿಲ್ಲಬೇಕು ಅನಿಸಿತು. ಅಷ್ಟರಲ್ಲಿ ಚಹಾ ತಂದರು.

ನನ್ನ ಪ್ರಶ್ನೆಯನ್ನು ದಾಖಲಿಸಲಾಗಿದೆ ಎಂದು ಸೂಪರಿಂಟೆಂಡೆಂಟ್ ಹೇಳಿದರು. ಏನೇ ಆಗಲಿ, ದಾಖಲಾಯಿತು. ಅದೂ ಸಣ್ಣ ಮಾತಲ್ಲ.

ಮಾರ್ಚ್ 13, ಗುರುವಾರ

ವಾರ್ಡಿನಲ್ಲಿ ಎಲ್ಲರೂ ಮುತ್ತಿಕೊಂಡರು. ನಡೆದದ್ದನ್ನೆಲ್ಲ ಹೇಳಿದೆ. ಗಾಜಿನ ಕಟ್ಟಡಕ್ಕೇ ದುಡ್ಡು ಹೋಗಿದೆ ಎಂದಾಗ ಲಾಂಡ್ರಿ ಅಕ್ಕ, "ನಾನು ಹೇಳಲಿಲ್ವಾ!" ಎಂದು ತೊಡೆ ತಟ್ಟಿದಳು. ಆಮೇಲೆ, "ಹಾಗಾದ್ರೆ ಕೋರ್ಟಿಗೆ ಹೋಗೋಣ, ಪೇಪರಿಗೆ ಹೋಗೋಣ" ಎಂದಳು.

ಸ್ವಲ್ಪ ತಾಳು ಅಕ್ಕ ಎಂದೆ. ಒಳಗೆ ಹೋಗಲು ಈಗಷ್ಟೇ ಬಾಗಿಲು ತೆರೆದಿದೆ. ಈಗಲೇ ಕಲ್ಲು ಹೊಡೆದರೆ ಮುಚ್ಚಿಬಿಡುತ್ತಾರೆ.

ಮೊಲ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತಳಂತೆ.

ಏಪ್ರಿಲ್ 2, ಬುಧವಾರ

ಎರಡನೆಯ ಸಭೆ. ಸೂಪರಿಂಟೆಂಡೆಂಟ್ ಸಾಹೇಬರು ಒಳ್ಳೆಯ ಸುದ್ದಿ ಕೊಟ್ಟರು. ಸ್ವಲ್ಪ ಮಾತ್ರೆ ಬಂದಿದೆ. ಆದರೆ ಬಹಳ ಸ್ವಲ್ಪ, ಎಲ್ಲರಿಗೂ ಹಂಚಿದರೆ ಯಾರಿಗೂ ಸಾಲದು.

ಸಭೆ ಮುಗಿದ ಮೇಲೆ ನನ್ನನ್ನು ಕೋಣೆಗೆ ಕರೆದರು. "ಕೂತ್ಕೊಳ್ಳಿ" ಎಂದರು. ಮಗಳ ರಿಪೋರ್ಟು ಅವರ ಮುಂದಿತ್ತು.

"ನಿಮ್ಮ ಹುಡುಗಿ ಸ್ಕೂಲಲ್ಲಿ ಚೆನ್ನಾಗಿ ಓದ್ತಾಳಂತೆ."

"ಓದ್ತಾಳೆ ಸಾರ್."

"ನನಗೂ ಅದೇ ವಯಸ್ಸಿನ ಮಗಳಿದ್ದಾಳೆ." ಮೇಜಿನ ಕೆಳಗಿನಿಂದ ಒಂದು ಕವರ್ ತೆಗೆದು ನನ್ನತ್ತ ಸರಿಸಿದರು. "ಆದ್ಯತೆ ಪಟ್ಟಿ ಅಂತ ಒಂದು ಮಾಡ್ತಿದ್ದೀವಿ. ನಿಯಮದ ಪ್ರಕಾರನೇ. ಸದ್ಯಕ್ಕೆ ವಾರ್ಡಲ್ಲಿ ಹೇಳೋದು ಬೇಡ, ಸುಮ್ಮನೆ ಗೊಂದಲ."

ಬೇಡ ಎನ್ನಬೇಕು ಅಂದುಕೊಂಡೆ. ಅದೂ ನಿಜ. ಆದರೆ ನಾನು ಬೇಡ ಎಂದರೆ ಅದು ಮೊಲನಿಗೆ ಹೋಗುತ್ತದೆಯೇ? ಇನ್ಯಾವುದೋ ಶಿಫಾರಸಿನವರ ಮನೆಗೆ ಹೋಗುತ್ತದೆ. ಹೊಲಿಗೆ ಚೀಲದಲ್ಲಿ ತುಂಡುಬಟ್ಟೆಯ ಕೆಳಗೆ ಇಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವಳು ಚೀಲಕ್ಕೆ ಒರಗಿದಾಗಲೆಲ್ಲ ಅದನ್ನು ಮಡಿಲಿಗೆ ಎಳೆದುಕೊಂಡೆ.

ಮಗಳು ಮಾತ್ರೆ ನೋಡಿ ಕುಣಿದಳು. "ಮೊಲನಿಗೂ ಬಂತಾ?" ಎಂದಳು.

"ಬರುತ್ತೆ" ಎಂದೆ.

ಏಪ್ರಿಲ್ 24, ಗುರುವಾರ

ರಕ್ತದ ದಿನ. ಲಾಂಡ್ರಿ ಅಕ್ಕ ಬುತ್ತಿ ಬಿಚ್ಚಿ ಎಂದಿನಂತೆ ಅರ್ಧ ನನಗೆ ಕೊಟ್ಟಳು. "ಏನಂತಾರೆ ನಿನ್ನ ಸಮಿತಿಯವರು?"

"ಪ್ರಕ್ರಿಯೆಯಲ್ಲಿದೆ ಅಕ್ಕ."

ಅವಳು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಏನಲ್ಲಿದೆ?"

ಬಿಡಿಸಿ ಹೇಳಿದೆ. ಖರೀದಿಗೆ ಟೆಂಡರ್ ಕರೆಯಬೇಕು, ಟೆಂಡರಿಗೆ ಅನುಮೋದನೆ ಬೇಕು, ಅನುಮೋದನೆಗೆ ಹೊಸ ಆರ್ಥಿಕ ವರ್ಷದ ಬಿಡುಗಡೆ ಬೇಕು. ಹೊರಗಿನಿಂದ ನೋಡುವವರಿಗೆ ಇದೆಲ್ಲ ಸುಳ್ಳಿನ ಕಂತೆ ಅನಿಸುತ್ತದೆ, ಒಳಗೆ ಕೂತಾಗಲೇ ಕಷ್ಟ ತಿಳಿಯುವುದು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬುತ್ತಿಯ ಮುಚ್ಚಳ ಹಾಕಿದಳು.

ಮಕ್ಕಳಿಬ್ಬರೂ ಒಂದೇ ಹೊದಿಕೆಯೊಳಗೆ ತಲೆ ತೂರಿಸಿ ಏನೋ ಮಾತಾಡಿಕೊಳ್ಳುತ್ತಿದ್ದರು. ಕೇಳಿದರೆ, ಗುಟ್ಟು ಎಂದರು.

ಮೇ 7, ಬುಧವಾರ

ಕಳೆದ ವರ್ಷದ ಹಣ ಹೇಗೆ ಖರ್ಚಾಗಿದೆ ಎಂದು ತನಿಖೆ ಮಾಡಲು ರಾಜಧಾನಿಯಿಂದ ಶಾಸಕರ ತಂಡ ಬಂದಿತ್ತು. ಬೆಳಿಗ್ಗೆಯಿಂದ ನೆಲ ತೊಳೆದಿದ್ದೇ ತೊಳೆದಿದ್ದು. ಸಾಹೇಬರ ಮುಖ ಬಿಳಿಚಿತ್ತು. ಸಭೆಗೆ ಮೊದಲು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಇವತ್ತು ಆಸ್ಪತ್ರೆ ಮರ್ಯಾದೆ ನಿಮ್ಮ ಕೈಯಲ್ಲಿದೆ. ಇವತ್ತು ಕೆಟ್ಟ ಹೆಸರು ಬಂದ್ರೆ ಈ ವರ್ಷದ ಹಣವನ್ನೂ ತಡೆಹಿಡೀತಾರೆ. ಆಮೇಲೆ ಯಾರಿಗೂ ಇಲ್ಲ."

ಅದು ಖರೆಯೇ. ನಾನು ಅದರ ಬಗ್ಗೆ ಬಹಳ ಯೋಚಿಸಿದೆ.

ತಂಡದ ಹಿರಿಯರು, ಕನ್ನಡಕದ ಹೆಂಗಸು, ನೇರ ನನ್ನನ್ನೇ ಕೇಳಿದರು. "ನೀವಮ್ಮಾ, ನೀವು ಹೇಳಿ. ಮಕ್ಕಳಿಗೆ ಮಾತ್ರೆ ಸಿಗ್ತಿದೆಯಾ?"

ಮೈಕಿನ ಕೆಂಪು ದೀಪ ಹತ್ತಿತು.

"ಸಿಗ್ತಿದೆ ಮೇಡಂ. ಮುಂಚೆ ತೊಂದರೆ ಇತ್ತು. ಈಗ ಹಂತಹಂತವಾಗಿ ಸುಧಾರಣೆ ಆಗ್ತಿದೆ."

ಸುಳ್ಳೇನಲ್ಲ. ನನ್ನ ಮಗಳಿಗೆ ಸಿಗುತ್ತಿದೆ. ಅವರು ಇನ್ನೂ ಒಂದು ಕ್ಷಣ ನನ್ನನ್ನೇ ನೋಡಿದರು, ನಾನು ಮತ್ತೇನಾದರೂ ಹೇಳಲಿ ಎಂಬಂತೆ. ಆಮೇಲೆ ಹಾಳೆ ಮಗುಚಿದರು.

ಸಂಜೆ ಸಾಹೇಬರು ತಮ್ಮ ಕಾರಿನಲ್ಲಿ ಮನೆಯವರೆಗೆ ಬಿಡಿಸಿದರು. ಅತ್ತೆ ಬಾಗಿಲಲ್ಲಿ ನಿಂತು ಕಾರು ನೋಡಿದರು. "ಯಾರಿಗೆ ಏನಾಯ್ತು?" ಎಂದು ಹೆದರಿ ಕೇಳಿದರು.

ಮೇ 15, ಗುರುವಾರ

ಶಾಸಕರ ಮುಂದೆ ನಾನು ಹೇಳಿದ್ದು ವಾರ್ಡಿಗೆ ಮುಟ್ಟಿದೆ. ಲಾಂಡ್ರಿ ಅಕ್ಕ ಬುತ್ತಿಯನ್ನು ಗೋಡೆಯತ್ತ ತಿರುಗಿ ಉಂಡಳು.

ಜೂನ್ 5, ಗುರುವಾರ

ಮೊಲನ ಕಾಲು ಊದಿಕೊಂಡಿದೆ. ಎದೆಯ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ಆ ಮಿಷನ್ನು ಕೆಟ್ಟಿದೆ. ವಿಷಯವನ್ನು ಸಮಿತಿಯ ಗಮನಕ್ಕೆ ತರುತ್ತೇನೆ.

ಜೂನ್ 26, ಗುರುವಾರ

ಅತ್ತೆ, ಮಗಳು ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮಗಳ ರಿಪೋರ್ಟು ಬಂತು. ಮೈಯಲ್ಲಿ ಸೇರಿರುವ ಕಬ್ಬಿಣ ಇಳಿಯಬೇಕಿತ್ತು, ಏರಿದೆ. ಡಾಕ್ಟರು ಹುಬ್ಬು ಗಂಟಿಕ್ಕಿ, "ಮಾತ್ರೆ ದಿನಾ ತಗೊಳ್ತಿದ್ದೀಯಾ?" ಎಂದರು. ಅವಳು ನೆಲ ನೋಡಿದಳು.

ಮನೆಗೆ ಬಂದು ಬಾಗಿಲು ಹಾಕಿ ಕೇಳಿದೆ. ಭುಜ ಹಿಡಿದು ಅಲುಗಿಸಿದೆ.

"ಅರ್ಧ ಮೊಲನಿಗೆ ಕೊಡ್ತಿದ್ದೆ."

"ಎಷ್ಟು ದಿನದಿಂದ?"

"ಮೊದಲಿಂದ. ಒಂದು ದಿನ ನಾನು, ಒಂದು ದಿನ ಅವಳು. ಸಂಜೆ ಲಾಂಡ್ರಿ ಹತ್ರ ಹೋಗಿ ಕೊಟ್ಟು ಬರ್ತಿದ್ದೆ."

ನಾನು ಏನೇನು ನುಂಗಿಕೊಂಡು ತಂದ ಮಾತ್ರೆ ಅದು! ಕಪಾಳಕ್ಕೆ ಹೊಡೆದೆ. ಹುಟ್ಟಿದಾಗಿನಿಂದ ಅವಳ ಮೈಮೇಲೆ ಕೈ ಮಾಡಿರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಸಾಕಾದ ಮೈ ಎಂದು.

ಅವಳು ಅಳಲಿಲ್ಲ. "ನೀನು ಬರುತ್ತೆ ಅಂದಿದ್ದೆ ಅಮ್ಮಾ. ಬರೋವರೆಗೆ ಅಂತ ಕೊಟ್ಟೆ" ಎಂದಳು.

ಅತ್ತೆ ಒಳಗಿನಿಂದ ಬಂದು ಅವಳನ್ನು ತಮ್ಮ ಹಿಂದಕ್ಕೆ ಎಳೆದುಕೊಂಡು ನಿಂತರು.

ಜೂನ್ 27, ಶುಕ್ರವಾರ

ಲಾಂಡ್ರಿಗೆ ಹೋಗಿ ಬಂದೆ. ಹಬೆಯ ಮಧ್ಯೆ ಆಕೆ ಯಾರದೋ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ನನಗೂ ನಿನ್ನೆವರೆಗೆ ಗೊತ್ತಿರಲಿಲ್ಲ ಕಣೆ, ಮೊಲ ನಿನ್ನೆ ಹೇಳಿದಳು" ಎಂದಳು. ನಂಬಲೋ ಬಿಡಲೋ.

"ನಿನ್ನ ಮಗಳಿಗೆ ಸಿಕ್ತಿರೋದು ನನಗೆ ಹೇಳಬಹುದಿತ್ತು" ಎಂದಳು. ದನಿ ಏರಿಸಲಿಲ್ಲ. "ನಾನು ಕಿತ್ಕೊಳ್ತಿರಲಿಲ್ಲ."

"ಅದು ಆದ್ಯತೆ ಪಟ್ಟಿ ಪ್ರಕಾರ ಕೊಟ್ಟಿದ್ದು."

ಆಕೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಆ ಪಟ್ಟಿ ಮಾಡೋವಾಗ ನೀನು ಅಲ್ಲೇ ಕೂತಿದ್ದೆಯಲ್ಲ ತಂಗಿ" ಎಂದಳು. ನಾನು ಹೊರಟು ಬಂದೆ. ಭಾವುಕರಾದವರ ಜೊತೆ ಇಂಥದ್ದನ್ನು ಚರ್ಚಿಸಿ ಪ್ರಯೋಜನವಿಲ್ಲ.

ಜುಲೈ 2, ಬುಧವಾರ

ಸಮಿತಿಯ ಸಭೆ. ಮಾತ್ರೆಗಳು ಪಟ್ಟಿಯಲ್ಲಿರುವ ರೋಗಿಗೇ ತಲುಪುತ್ತಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಬೇಕು ಎಂದು ನಾನೇ ಪ್ರಸ್ತಾಪ ಮಂಡಿಸಿದೆ. ಇನ್ನು ಮುಂದೆ ಮಾತ್ರೆಯನ್ನು ಮನೆಗೆ ಕೊಡುವಂತಿಲ್ಲ. ರೋಗಿ ದಿನವೂ ಬೆಳಿಗ್ಗೆ ವಾರ್ಡಿಗೆ ಬಂದು ಸಿಸ್ಟರ್ ಎದುರಿಗೇ ನುಂಗಬೇಕು.

ಎಲ್ಲರೂ ಮೆಚ್ಚಿದರು. ರೋಗಿಗಳ ಕಡೆಯಿಂದಲೇ ಇಂಥ ಸಲಹೆ ಬಂದದ್ದು ದೊಡ್ಡ ವಿಷಯ ಎಂದು ಸಾಹೇಬರು ಹೇಳಿದರು. ಶಾಸಕರ ತಂಡಕ್ಕೆ ಕಳಿಸುವ ಉತ್ತರದಲ್ಲೂ ಇದನ್ನು ಸೇರಿಸಲಾಗುವುದು. ಕಳೆದ ವರ್ಷದ ಕೊರತೆಗೆ ರೋಗಿಗಳು ಮಾತ್ರೆಗಳನ್ನು ತಮ್ಮಲ್ಲೇ ಕೈ ಬದಲಾಯಿಸಿಕೊಂಡು ದುರುಪಯೋಗ ಮಾಡಿದ್ದೇ ಮುಖ್ಯ ಕಾರಣ, ಈಗ ಅದನ್ನು ತಡೆಯಲಾಗಿದೆ, ಮುಂದಿನ ವರ್ಷ ಇಷ್ಟು ಹಣ ಬೇಕಾಗುವುದಿಲ್ಲ ಎಂದು.

ಕಳೆದ ವರ್ಷ ಮಾತ್ರೆಯೇ ಇರಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಮುಂದಿನ ವಿಷಯ ಎತ್ತಿಕೊಂಡಿದ್ದರು. ಸಹಿ ಮಾಡಿದೆ. ಎಲ್ಲರೂ ಮಾಡಿದರು.

ಸ್ಕ್ಯಾನ್ ಮಿಷನ್ನಿನ ವಿಷಯಕ್ಕೆ ಸಮಯ ಸಾಲಲಿಲ್ಲ.

ಜುಲೈ 17, ಗುರುವಾರ

ಹೊಸ ವ್ಯವಸ್ಥೆ ಸುಗಮವಾಗಿ ನಡೆಯುತ್ತಿದೆ. ದಿನವೂ ಶಾಲೆಗೆ ಮೊದಲು ಮಗಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಅವಳು ಎರಡು ಹೆಜ್ಜೆ ಹಿಂದೆಯೇ ನಡೆಯುತ್ತಾಳೆ.

ಇವತ್ತು ರಕ್ತದ ದಿನವೂ ಹೌದು. ಲಾಂಡ್ರಿಯವಳ ಮಗಳನ್ನು ಸೋಮವಾರವೇ ಸೇರಿಸಿದ್ದಾರಂತೆ. ಮೂಗಿಗೆ ನಳಿಗೆ ಹಾಕಿದ್ದಾರೆ, ಮಲಗಲು ಆಗದೆ ದಿಂಬಿಗೆ ಒರಗಿ ಕೂತೇ ಇರುತ್ತಾಳೆ. ಹೃದಯ ಸೋತಿದೆ, ಇಲ್ಲಿ ಮಾಡುವುದೇನೂ ಉಳಿದಿಲ್ಲ ಎಂದು ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಲಾಂಡ್ರಿಯವಳು ಮಗಳ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ನಾನು ಒಳಗೆ ಬಂದದ್ದು ಕಂಡಿರಬೇಕು. ತಲೆ ಎತ್ತಲಿಲ್ಲ. ಮಾತಾಡಿಸೋಣವೆಂದು ಎರಡು ಹೆಜ್ಜೆ ಹೋದೆ. ತಿರುಗಿ ಬಂದೆ.

ಸಿಸ್ಟರ್ ಮಾತ್ರೆ, ನೀರು ತಂದರು. ಮಗಳು ಪಕ್ಕದ ಹಾಸಿಗೆಯತ್ತ ನೋಡಿದಳು. ಮೊಲ ಅವಳನ್ನು ನೋಡಿ ಹಲ್ಲು ಬಿಟ್ಟು ನಕ್ಕು, ನುಂಗು ಎಂದು ಗದ್ದ ಅಲ್ಲಾಡಿಸಿದಳು. ಮಗಳು ನುಂಗಿದಳು.

"ಬಾಯಿ ತೆಗಿ. ನಾಲಿಗೆ ಎತ್ತು" ಎಂದರು ಸಿಸ್ಟರ್. ನಿಯಮದಂತೆ ಕೆನ್ನೆಯ ಒಳಗೂ ಬೆರಳಾಡಿಸಿ ನೋಡಿ, ಸರಿ ಎಂದು ಹೋದರು.

ಆಗ ಮಗಳು ಎದ್ದು, ರಕ್ತದ ಕೊಳವೆ ಎಷ್ಟು ಬರುತ್ತದೋ ಅಷ್ಟು ನನ್ನ ಹತ್ತಿರ ಬಂದು ನಿಂತಳು.

"ನೀನೂ ನೋಡ್ಕೋ ಅಮ್ಮಾ" ಎಂದು ಬಾಯಿ ಅಗಲಿಸಿದಳು.

ನೋಡಿದೆ. ಏನೂ ಇರಲಿಲ್ಲ. ಸರಿ, ಬಾಯಿ ಮುಚ್ಚು ಎಂದೆ.

ಅವಳು ಮುಚ್ಚಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದಳು.